ತಡವಾಗಿ ಬರುವ ಸ್ಪರ್ಶ: ದೂರದ ರೋಬೋಟ್‌ಗೆ ಹ್ಯಾಪ್ಟಿಕ್ ಹಿಡಿಕೆ ಮಾಡುವುದು ಹೇಗೆ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಎರಡು ಮೋಟರ್ ತಗೊಳ್ಳಿ, ಎರಡಕ್ಕೂ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಅಳೆಯುವ ಭಾಗ) ಇರಲಿ, ಒಂದೊಂದಕ್ಕೂ ಗೇಣುದ್ದದ ಲಿವರ್ ಕೂರಿಸಿ. ಒಂದು ನಿಮ್ಮ ಕೈಯಲ್ಲಿ, ಇನ್ನೊಂದು ಮೇಜಿನ ಆ ತುದಿಯಲ್ಲಿ. ನೀವು ಇದನ್ನು ತಿರುಗಿಸಿದರೆ ಅದು ತಿರುಗಬೇಕು. ಅದಕ್ಕೆ ಏನಾದರೂ ಅಡ್ಡ ಬಂದರೆ ಆ ಬಲ ನಿಮ್ಮ ಕೈಗೆ ಬರಬೇಕು. ಆ ತುದಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಇಟ್ಟು ಮುಟ್ಟಿ ನೋಡಿ. ಚೆನ್ನಾಗೇ ಇರುತ್ತದೆ, ಕಬ್ಬಿಣ ಕಬ್ಬಿಣದ ಹಾಗೇ ಅನಿಸುತ್ತದೆ. ಈಗ ಎರಡರ ನಡುವೆ ಬೇಕಂತಲೇ 100 ಮಿಲಿಸೆಕೆಂಡ್ ತಡ ಸೇರಿಸಿ, ಮತ್ತೆ ಅದೇ ಪಟ್ಟಿಯನ್ನು ಮುಟ್ಟಿ.

ದಡ್. ದಡ್. ದಡ್. ಲಿವರ್ ಕೈಯಲ್ಲಿ ಕುಣಿಯಲು ಶುರು ಮಾಡುತ್ತದೆ. ಬಿಗಿಯಾಗಿ ಹಿಡಿದರೆ ಸ್ವಲ್ಪ ಸುಮ್ಮನಾಗುತ್ತದೆ, ಸಡಿಲ ಬಿಟ್ಟರೆ ಹೊಡೆತ ಜೋರಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಲೇತ್ ಮೇಲೆ 20 ವರ್ಷ ಕೆಲಸ ಮಾಡಿದ ಟರ್ನರ್ ಒಬ್ಬರಿದ್ದಾರೆ, ಉಗುರು ಆಡಿಸಿಯೇ ಲೋಹದ ಮೇಲಿನ ಗೀರು ಎಷ್ಟು ಆಳ ಅಂತ ಹೇಳುವವರು. ಅವರ ಕೈಗೆ ಇದನ್ನು ಕೊಟ್ಟೆ. ಎರಡನೇ ಹೊಡೆತಕ್ಕೇ ಕೈ ಬಿಟ್ಟು, "ಮೇಡಂ, ಇದು ಮುಟ್ತಾ ಇಲ್ಲ, ಒದೀತಾ ಇದೆ" ಅಂದರು.

ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಮಾತಿನಿಂದಲೇ ಶುರುವಾಗುತ್ತದೆ. ದೂರದ ರೋಬೋಟ್ ನಡೆಸಲು ಹ್ಯಾಪ್ಟಿಕ್ ಹಿಡಿಕೆ, ಅಂದರೆ ಆ ಕಡೆಯ ಸ್ಪರ್ಶವನ್ನು ಕೈಗೆ ತಿಳಿಸುವ ಹಿಡಿಕೆ, ಮಾಡುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಏನೆಂದರೆ, ಆ ಕಡೆ ಅಳೆದ ಬಲವನ್ನು ಬಂದ ಹಾಗೇ ಈ ಕಡೆ ಕೈಗೆ ದಾಟಿಸುವುದು. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಸ್ಪರ್ಶ ಕೈಯ ಪಕ್ಕದಲ್ಲೇ ಹುಟ್ಟಬೇಕು, ನೆಟ್‌ವರ್ಕ್ ಮೇಲೆ ಬರಬೇಕಾದ್ದು ಆ ಕಡೆಯ ಸುದ್ದಿ ಮಾತ್ರ. ಇದನ್ನು ಹೇಗೆ ಮಾಡುವುದು ಅಂತ ನೋಡೋಣ.

ಯಾಕೆ ಒದೆಯುತ್ತದೆ

ಗೋಡೆಯನ್ನು ಒಂದು ಗಟ್ಟಿ ಸ್ಪ್ರಿಂಗ್ ಅಂದುಕೊಳ್ಳಿ. ಒತ್ತಿದರೆ ಎದುರು ಒತ್ತುತ್ತದೆ, ಬಿಟ್ಟರೆ ಅಷ್ಟೇ ಶಕ್ತಿ ವಾಪಸ್ ಕೊಡುತ್ತದೆ. ಈಗ ಸುದ್ದಿ ತಡವಾಗಿ ಬರುತ್ತಿದೆ ಅನ್ನಿ. ನೀವು ಒಳಗೆ ಒತ್ತುತ್ತಾ ಹೋಗುವಾಗ ಕೈಗೆ ಬರುವುದು ಸ್ವಲ್ಪ ಹೊತ್ತಿನ ಹಿಂದಿನ ಬಲ, ಅಂದರೆ ಇರಬೇಕಾದ್ದಕ್ಕಿಂತ ಕಡಿಮೆ. ಕೈ ಹಿಂದೆ ಬರುವಾಗಲೂ ಹಳೆಯ ಬಲವೇ ಬರುತ್ತದೆ, ಆದರೆ ಈ ಸಲ ಅದು ಇರಬೇಕಾದ್ದಕ್ಕಿಂತ ಜಾಸ್ತಿ. ಹಾಗಾಗಿ ಒತ್ತುವಾಗ ಕಡಿಮೆ ಕೊಟ್ಟು, ಬಿಡುವಾಗ ಜಾಸ್ತಿ ಪಡೆದ ಹಾಗಾಯಿತು. ಅಂಗಡಿಯಲ್ಲಿ 10 ರೂಪಾಯಿ ಕೊಟ್ಟು ಪ್ರತಿ ಸಲ 12 ರೂಪಾಯಿ ಚಿಲ್ಲರೆ ವಾಪಸ್ ಬಂದರೆ ಹೇಗೋ ಹಾಗೆ. ಆ ಹೆಚ್ಚುವರಿ 2 ರೂಪಾಯಿಯೇ ನಿಮ್ಮ ಕೈಯಲ್ಲಿ ದಡ್ ದಡ್ ಅನ್ನುವುದು.

ಇದಕ್ಕೆ ಒಂದು ಸರಳ ಲೆಕ್ಕ ಇದೆ, ಗೋಡೆಗೆ ಅಂಟಿಸಿಕೊಳ್ಳುವಷ್ಟು ಉಪಯೋಗದ್ದು. ಹಿಡಿಕೆಯಲ್ಲಿ ತಾನಾಗೇ ಇರುವ ಡ್ಯಾಂಪಿಂಗನ್ನು, ಅಂದರೆ ಚಲನೆಯನ್ನು ತಡೆದು ಶಕ್ತಿ ನುಂಗುವ ಗುಣವನ್ನು, ತಗೊಳ್ಳಿ. ಅದನ್ನು ಹೋಗಿ-ಬರುವ ತಡ ಮತ್ತು ಕಂಟ್ರೋಲ್ ಲೂಪಿನ (ಜಾಗ ಓದಿ ಬಲ ಲೆಕ್ಕಹಾಕಿ ಕೊಡುವ ಒಂದು ಸುತ್ತಿನ) ಅರ್ಧ ಅವಧಿ, ಇವೆರಡರ ಮೊತ್ತದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಗಟ್ಟಿಯಾದ ಗೋಡೆಯನ್ನು ತೋರಿಸಲು ಹೋದರೆ ಹಿಡಿಕೆ ಕುಣಿಯುತ್ತದೆ. ಡ್ಯಾಂಪಿಂಗ್ 1 ನ್ಯೂಟನ್-ಸೆಕೆಂಡ್ ಪ್ರತಿ ಮೀಟರ್, ಲೂಪ್ ಸೆಕೆಂಡಿಗೆ 1000 ಸಲ, ತಡ ಸೊನ್ನೆ ಅಂದರೆ ಮೀಟರಿಗೆ 2000 ನ್ಯೂಟನ್ ಗಟ್ಟಿತನದವರೆಗೆ ಹೋಗಬಹುದು. 1 ಸೆಂಟಿಮೀಟರ್ ಒತ್ತಿದರೆ 20 ನ್ಯೂಟನ್, ಸುಮಾರು 2 ಕೆಜಿ ತೂಕ ಕೈ ಮೇಲೆ ಬಿದ್ದ ಹಾಗೆ. ಅದಕ್ಕೇ 100 ಮಿಲಿಸೆಕೆಂಡ್ ತಡ ಸೇರಿಸಿ. ಮಿತಿ ಮೀಟರಿಗೆ 10 ನ್ಯೂಟನ್‌ಗೆ ಇಳಿಯುತ್ತದೆ. ಅದೇ 1 ಸೆಂಟಿಮೀಟರಿಗೆ ಈಗ 10 ಗ್ರಾಂ ತೂಕದಷ್ಟೇ ಬಲ. ಕಬ್ಬಿಣದ ಪಟ್ಟಿ ಅರಳೆಯಾಯಿತು. ಹಿಡಿದ ಕೈ ತಾನೂ ಸ್ವಲ್ಪ ಡ್ಯಾಂಪಿಂಗ್ ಕೊಡುವುದರಿಂದ ನಿಜದಲ್ಲಿ ಇದಕ್ಕಿಂತ ತುಸು ಮೇಲೆ ಹೋಗಬಹುದು, ಆದರೆ ಆ ಕೈ ಯಾವಾಗ ಸಡಿಲ ಬಿಡುತ್ತದೋ ಗೊತ್ತಿಲ್ಲವಲ್ಲ, ಅದನ್ನು ನಂಬಿ ವಿನ್ಯಾಸ ಮಾಡಬೇಡಿ.

ಈ ಸಮಸ್ಯೆ ಹೊಸದೇನಲ್ಲ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ 1940ರ ದಶಕದ ಕೊನೆಯಲ್ಲಿ, ವಿಕಿರಣ ಸೂಸುವ ವಸ್ತುಗಳನ್ನು ಗೋಡೆಯಾಚೆಯಿಂದ ಎತ್ತಿಡಲು ಜೋಡಿ ಕೈಗಳನ್ನು ಮಾಡಿದಾಗ ಎರಡನ್ನೂ ಯಾಂತ್ರಿಕವಾಗಿಯೇ ಜೋಡಿಸಿದ್ದರು. ತಡದ ಮಾತೇ ಇರಲಿಲ್ಲ, ಸ್ಪರ್ಶ ನೇರವಾಗಿ ಬರುತ್ತಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಲಿಯಂ ಫೆರೆಲ್ 1960ರ ದಶಕದ ಮಧ್ಯದಲ್ಲಿ ನಡುವೆ ತಡ ಹಾಕಿ ನೋಡಿದರು. ಜನ ತಾವಾಗೇ ಒಂದು ಉಪಾಯ ಕಂಡುಕೊಂಡರು: ಸ್ವಲ್ಪ ಸರಿಸು, ನಿಲ್ಲು, ಏನಾಯಿತು ಅಂತ ನೋಡು, ಮತ್ತೆ ಸ್ವಲ್ಪ ಸರಿಸು. ಯಾರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಪ್ರಯೋಗದಲ್ಲೂ ಜನ ಹೀಗೆ ಸರಿಸು-ನಿಲ್ಲು ಆಟಕ್ಕೆ ಇಳಿದರೆ ಅದನ್ನು ಗಮನಿಸಿ. ತಮಗೆ ಸಿಗುತ್ತಿರುವ ಸ್ಪರ್ಶವನ್ನು ಅವರು ನಂಬುತ್ತಿಲ್ಲ ಅಂತ ಅರ್ಥ.

ಮೊದಲು ತಡವನ್ನು ಸರಿಯಾಗಿ ಅಳೆಯಿರಿ

ಸುಮ್ನೆ ಪಿಂಗ್ ಹೊಡೆದು (ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿದ ಹೊತ್ತು ನೋಡಿ) 40 ಮಿಲಿಸೆಕೆಂಡ್ ಅಂತ ಬರೆದುಕೊಂಡರೆ ಸಾಲದು. ಗಾಜಿನ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ 1000 ಕಿಲೋಮೀಟರಿಗೆ ಒಂದು ಕಡೆಗೆ 5 ಮಿಲಿಸೆಕೆಂಡ್ ಅಷ್ಟೇ. ಉಳಿದ ತಡವೆಲ್ಲ ನಾವೇ ಸೇರಿಸಿಕೊಂಡದ್ದು: ಕ್ಯಾಮೆರಾ ಚಿತ್ರವನ್ನು ಕುಗ್ಗಿಸುವ ಹೊತ್ತು, ವೈಫೈ ಮತ್ತೆ ಮತ್ತೆ ಕಳಿಸುವ ಹೊತ್ತು, ಯಾರೋ ಎಲ್ಲೋ ಇಟ್ಟ ಬಫರ್, ಆ ಕಡೆಯ ಮೋಟರ್ ಡ್ರೈವರ್‌ನ ಫಿಲ್ಟರ್. ಹಾಗಾಗಿ ಲಿವರ್ ಅಲುಗಿಸಿದ ಕ್ಷಣದಿಂದ ಆ ಕಡೆಯ ಬಲ ಇಲ್ಲಿಗೆ ಬರುವ ಕ್ಷಣದವರೆಗೆ, ಪೂರ್ತಿ ಸುತ್ತನ್ನೇ ಅಳೆಯಿರಿ. ಪ್ರತಿ ಪ್ಯಾಕೆಟ್ ಮೇಲೂ ಹೊರಟ ಸಮಯ ಮತ್ತು ಕ್ರಮಸಂಖ್ಯೆ ಹಾಕಿ. ಒಂದು ಗಂಟೆ ಓಡಲು ಬಿಡಿ. ಸರಾಸರಿಯನ್ನು ನೋಡಬೇಡಿ, ಅತಿ ಕೆಟ್ಟ ಹತ್ತು ನಿಮಿಷ ಹೇಗಿತ್ತು ನೋಡಿ.

ತಡಕ್ಕಿಂತ ಕೆಟ್ಟದ್ದು ಏರಿಳಿಯುವ ತಡ. 60ರಿಂದ 120ರ ನಡುವೆ ಓಲಾಡುವುದಕ್ಕಿಂತ ಸ್ಥಿರವಾದ 120 ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈ ಒಂದೇ ಸಮನಾದ ತಡಕ್ಕೆ ಒಗ್ಗಿಕೊಳ್ಳುತ್ತದೆ, ಆಗಾಗ ಬದಲಾಗುವುದಕ್ಕೆ ಒಗ್ಗುವುದಿಲ್ಲ. ಬಂದ ಪ್ಯಾಕೆಟ್‌ಗಳನ್ನು ಸಣ್ಣ ಬಫರಿನಲ್ಲಿ ಹಿಡಿದಿಟ್ಟು ಸಮನಾದ ಅಂತರದಲ್ಲಿ ಬಿಡಿ. ಇನ್ನು ಕಳೆದ ಪ್ಯಾಕೆಟ್ ಮತ್ತೆ ತರಿಸುವ ಟಿಸಿಪಿ ಬಳಸಬೇಡಿ, ಹಾಗೆ ತರಿಸದ ಯುಡಿಪಿ ಬಳಸಿ. ಕಳೆದುಹೋದ ಹಳೆಯ ಬಲವನ್ನು ಮತ್ತೆ ತರಿಸಿಕೊಂಡು ಏನು ಮಾಡುತ್ತೀರಿ? ಅದಕ್ಕೆ ಕಾಯುತ್ತಾ ಕೂತರೆ ಹೊಸದೂ ತಡವಾಗುತ್ತದೆ. ರಾಸ್ 2 (ರೋಬೋಟ್ ತಂತ್ರಾಂಶ ಕಟ್ಟುವ ಚೌಕಟ್ಟು) ಬಳಸುವವರು ಈ ಸಂದೇಶಗಳಿಗೆ ಬೆಸ್ಟ್-ಎಫರ್ಟ್, ಅಂದರೆ ಕಳೆದದ್ದನ್ನು ಮತ್ತೆ ಕಳಿಸದ ಆಯ್ಕೆ, ಇಟ್ಟು, ಕೊನೆಯ ಒಂದೇ ಸಂದೇಶ ಉಳಿಯುವ ಹಾಗೆ ಹೊಂದಿಸಿ.

ಕೈಗೆ ನಿಜವಾಗಿ ಏನು ಬೇಕು

ಬಾವಿಯಿಂದ ನೀರು ಸೇದಿದವರಿಗೆ ಇದು ಚೆನ್ನಾಗಿ ಗೊತ್ತು. ಹಗ್ಗ ಬಿಡುತ್ತಾ ಹೋಗುತ್ತೀರಿ. ಕೊಡ ನೀರಿಗೆ ತಾಗಿದ ಕ್ಷಣ ಕೈಗೆ ಒಂದು ಸಣ್ಣ ತಟ್ಟು ಬರುತ್ತದೆ, ಕೂಡಲೇ ಹಗ್ಗ ಸಡಿಲವಾಗುತ್ತದೆ. ಒಮ್ಮೆ ಕುಲುಕುತ್ತೀರಿ, ಕೊಡ ಮಗುಚಿ ನೀರು ತುಂಬುತ್ತಾ ನಿಧಾನಕ್ಕೆ ಭಾರ ಏರುತ್ತದೆ. ಎಳೆಯುವಾಗ ಕೊಡ ಬಾವಿಯ ಕಲ್ಲಿಗೆ ಉಜ್ಜಿದರೆ ಹಗ್ಗದಲ್ಲಿ ಒಂದು ಜರಜರ ಬರುತ್ತದೆ. ಬಾವಿಯೊಳಗೆ ಬಗ್ಗಿ ನೋಡದೆಯೇ ಇಷ್ಟೆಲ್ಲ ಕೈಗೆ ತಿಳಿಯುತ್ತದೆ.

ಇಲ್ಲಿ ಬೇರೆಬೇರೆ ಜಾತಿಯ ಸುದ್ದಿಗಳಿವೆ, ಮತ್ತು ಅವಕ್ಕೆ ತಡದ ಪೆಟ್ಟು ಒಂದೇ ಥರ ಬೀಳುವುದಿಲ್ಲ. "ತಾಗಿತು" ಅನ್ನುವ ತಟ್ಟು ಒಂದು ಘಟನೆ. ಉಜ್ಜುವ ಜರಜರ ಒಂದು ಕಂಪನ. ಇವೆರಡೂ ಕೈಯನ್ನು ತಳ್ಳುವುದಿಲ್ಲ, ತಿಳಿಸುತ್ತವೆ ಅಷ್ಟೇ. ಹಾಗಾಗಿ ತಡವಾಗಿ ಬಂದರೂ ಹಿಡಿಕೆ ಕುಣಿಯುವಂತೆ ಮಾಡುವುದಿಲ್ಲ. ಕೈಯನ್ನು ತಳ್ಳುವುದು ಭಾರ ಮತ್ತು ಗೋಡೆಯ ಎದುರೊತ್ತು. ಗಂಡಾಂತರ ಇರುವುದು ಅಲ್ಲೇ.

ಆದ್ದರಿಂದ ನಿಮ್ಮ ಕೆಲಸಕ್ಕೆ ಯಾವ ಸುದ್ದಿ ಬೇಕು ಅಂತ ಮೊದಲೇ ಕಾಗದದ ಮೇಲೆ ಬರೆಯಿರಿ. ವಾಲ್ವ್ ತಿರುಗಿಸುವ ರೋಬೋಟ್‌ಗೆ "ಬಿಗಿಯಾಯಿತು" ಅನ್ನುವುದು ಮುಖ್ಯ. ಪ್ಲಗ್ ಸಿಕ್ಕಿಸುವುದಕ್ಕೆ ಟಕ್ ಅಂತ ಕೂತ ಕ್ಷಣ ಮುಖ್ಯ. ಮಣ್ಣು ಕೆರೆಯುವುದಕ್ಕೆ ಜರಜರ ಮುಖ್ಯ. ಎಷ್ಟೋ ಸಲ ಬಲವೇ ಬೇಕಾಗಿಲ್ಲ ಅಂತ ಈ ಹಂತದಲ್ಲೇ ಗೊತ್ತಾಗುತ್ತದೆ. ಆಗ ಹಿಡಿಕೆಯಲ್ಲಿ ಒಂದು ಕಂಪಕ ಕೂರಿಸಿದರೆ ಸಾಕು. ಬೆರಳ ತುದಿ ಸುಮಾರು 250 ಹರ್ಟ್ಜ್ ಸುತ್ತಮುತ್ತಲಿನ ಕಂಪನಕ್ಕೆ ಬಹಳ ಸೂಕ್ಷ್ಮ, ಹಾಗಾಗಿ ಅದರ ಆಸುಪಾಸಿನಲ್ಲಿ ಕೆಲಸ ಮಾಡಿ. ತಟ್ಟು ಅಂದರೆ ಥಟ್ಟನೆ ಎದ್ದು ಬೇಗ ಆರಿಹೋಗುವ ಅಲೆ. ಕಬ್ಬಿಣಕ್ಕೆ ಎತ್ತರದ ಸ್ವರ, ಮರಕ್ಕೆ ಸ್ವಲ್ಪ ತಗ್ಗು, ರಬ್ಬರ್‌ಗೆ ಮಂದ ಗುದ್ದು. ಆ ಕಡೆ ತಾಗಿದಾಗ ಇದ್ದ ವೇಗಕ್ಕೆ ತಕ್ಕಂತೆ ಅದರ ಜೋರು ಬದಲಾಯಿಸಿ. ನಮ್ಮ ಟರ್ನರ್ ಕಣ್ಣು ಮುಚ್ಚಿಕೊಂಡು ಕಬ್ಬಿಣ, ಮರ, ಸ್ಪಂಜು ಮೂರನ್ನೂ ಈ ತಟ್ಟಿನಿಂದಲೇ ಬೇರೆ ಮಾಡಿ ಹೇಳಿದರು. ಅವತ್ತು ತಡ 300 ಮಿಲಿಸೆಕೆಂಡ್ ಇತ್ತು.

ಬ್ಯಾಂಡ್‌ವಿಡ್ತ್ ಕಡಿಮೆ ಇದ್ದರೆ ಇನ್ನೊಂದು ಉಪಾಯ ಇದೆ. ಬಲ ಸುಮಾರು 10 ಪ್ರತಿಶತದಷ್ಟಾದರೂ ಬದಲಾಗದೆ ಹೋದರೆ ಕೈಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದಕ್ಕಿಂತ ಕಡಿಮೆ ಬದಲಾವಣೆಯನ್ನು ಕಳಿಸಲೇಬೇಡಿ.

ತಡಕ್ಕೆ ತಕ್ಕ ದಾರಿ

ಹೋಗಿ-ಬರುವ ತಡ 10 ಮಿಲಿಸೆಕೆಂಡ್ ಒಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೇರವಾಗಿ ಬಲ ದಾಟಿಸಿ, ಸ್ವಲ್ಪ ಡ್ಯಾಂಪಿಂಗ್ ಸೇರಿಸಿ, ಮುಂದೆ ಹೋಗಿ.

ಅದಕ್ಕಿಂತ ಜಾಸ್ತಿಯಾದರೆ ಶಕ್ತಿಯ ಲೆಕ್ಕ ಇಡಲೇಬೇಕು. ಎರಡು ಹಳೆಯ, ಚೆನ್ನಾಗಿ ಪಳಗಿದ ದಾರಿಗಳಿವೆ. ಮೊದಲನೆಯದು 1989ರಲ್ಲಿ ಆಂಡರ್ಸನ್ ಮತ್ತು ಸ್ಪಾಂಗ್ ತೋರಿಸಿ, 1991ರಲ್ಲಿ ನೀಮೆಯರ್ ಮತ್ತು ಸ್ಲೊಟೀನ್ ಅಲೆಯ ರೂಪ ಕೊಟ್ಟದ್ದು. ಉದ್ದ ಹಗ್ಗದ ಒಂದು ತುದಿ ಒದರಿದರೆ ಅಲೆ ಆ ತುದಿಗೆ ಹೋಗಿ ವಾಪಸ್ ಬರುತ್ತದೆ, ಎಷ್ಟೇ ಹೊತ್ತು ತಗೊಂಡರೂ ದಾರಿಯಲ್ಲಿ ಅದು ದೊಡ್ಡದಾಗುವುದಿಲ್ಲ ಅಲ್ವಾ? ಅದೇ ತತ್ವ. ವೇಗವನ್ನೂ ಬಲವನ್ನೂ ಬೇರೆಬೇರೆ ಕಳಿಸದೆ, ವೇಗವನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ, ಅದಕ್ಕೆ ಬಲವನ್ನು ಕೂಡಿಸಿ ಆ ಕಡೆಗೆ ಕಳಿಸಿ, ಕಳೆದು ಈ ಕಡೆಗೆ ಕಳಿಸಿ. ಆಗ ತಡ ಎಷ್ಟೇ ಇರಲಿ, ಏರಿಳಿಯದೆ ಇದ್ದರೆ ನೆಟ್‌ವರ್ಕ್ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ಆ ಸ್ಥಿರ ಸಂಖ್ಯೆಯೇ ನಿಮ್ಮ ಕೈಗೆ ಸಿಗುವ ತಿರುಪು. ಅದನ್ನು ಏರಿಸಿದರೆ ಖಾಲಿ ಗಾಳಿಯಲ್ಲೂ ಕೈ ಜೇನಿನಲ್ಲಿ ಆಡಿಸಿದ ಹಾಗೆ ಭಾರವಾಗುತ್ತದೆ. ಇಳಿಸಿದರೆ ಗೋಡೆ ಮೆತ್ತಗಾಗುತ್ತದೆ. ಎರಡೂ ಚೆನ್ನಾಗಿ ಸಿಗುವುದಿಲ್ಲ, ಯಾವುದು ಬೇಕು ಅಂತ ಕೆಲಸ ನೋಡಿ ಆರಿಸಿ. ಒಂದು ಎಚ್ಚರಿಕೆ: ಪ್ಯಾಕೆಟ್ ಕಳೆದುಹೋದಾಗ ಹಿಂದಿನ ಬೆಲೆಯನ್ನೇ ಹಿಡಿದಿಡಬೇಡಿ, ಸೊನ್ನೆ ಹಾಕಿ. ಹಳೆಯದನ್ನೇ ಮತ್ತೆ ಮತ್ತೆ ಉಣಿಸಿದರೆ ಇಲ್ಲದ ಶಕ್ತಿ ಹುಟ್ಟುತ್ತದೆ. ಸೊನ್ನೆ ಹಾಕುತ್ತಾ ಹೋದರೆ ಎರಡು ಲಿವರ್‌ಗಳ ಜಾಗ ನಿಧಾನಕ್ಕೆ ತಪ್ಪುತ್ತದೆ ನಿಜ, ಅದಕ್ಕೆ ಆಗಾಗ ಜಾಗದ ಅಂಕಿಯನ್ನೂ ಜೊತೆಗೆ ಕಳಿಸಿ ನಯವಾಗಿ ಸರಿಮಾಡಿ.

ಎರಡನೆಯದು 2002ರಲ್ಲಿ ಹ್ಯಾನಫರ್ಡ್ ಮತ್ತು ರ್ಯೂ ಕೊಟ್ಟ ದಾರಿ. ಇದು ಅಂಗಡಿಯ ಜಮಾ-ಖರ್ಚಿನ ಪುಸ್ತಕದ ಹಾಗೆ. ಪ್ರತಿ ಮಿಲಿಸೆಕೆಂಡಿಗೂ ಬಲವನ್ನು ವೇಗದಿಂದ ಗುಣಿಸಿ ಕೂಡಿಸುತ್ತಾ ಹೋಗಿ. ಒಳಗೆ ಬಂದದ್ದಕ್ಕಿಂತ ಹೊರಗೆ ಹೋದದ್ದು ಜಾಸ್ತಿಯಾಯಿತು ಅಂದರೆ ಆ ಕ್ಷಣವೇ ಅಷ್ಟು ಶಕ್ತಿಯನ್ನು ನುಂಗುವ ಡ್ಯಾಂಪರ್ ಹಾಕಿ. ಲೆಕ್ಕ ಸರಿಯಿದ್ದಾಗ ಸುಮ್ಮನಿರಿ. ತಡ ಏರಿಳಿದರೂ ಇದು ಕೆಲಸ ಮಾಡುತ್ತದೆ, ಅದಕ್ಕೇ ನನಗೆ ಇದು ಇಷ್ಟ. ಆದರೆ ಡ್ಯಾಂಪರ್ ಇದ್ದಕ್ಕಿದ್ದಂತೆ ಬಿದ್ದಾಗ ಕೈಗೆ ಒಂದು ಜರ್ಕ್ ಬರುತ್ತದೆ. ಆ ಬಲವನ್ನು ಒಂದು ಸಣ್ಣ ಸ್ಪ್ರಿಂಗ್-ತೂಕದ ಫಿಲ್ಟರ್ ಮೂಲಕ ಹಾಯಿಸಿ.

ಈ ಥರದ ದಾರಿಗಳಲ್ಲಿ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬಾಹ್ಯಾಕಾಶದಲ್ಲೇ ಉದಾಹರಣೆ ಇದೆ. 2015ರ ಸೆಪ್ಟೆಂಬರ್ 7ರಂದು ಯುರೋಪಿನ ಗಗನಯಾತ್ರಿ ಆಂಡ್ರಿಯಾಸ್ ಮೊಗೆನ್ಸನ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೂತು, ನೆದರ್ಲೆಂಡ್ಸ್‌ನಲ್ಲಿದ್ದ ರೋವರ್‌ನ ಕೈಯಿಂದ ಒಂದು ಲೋಹದ ಗೂಟವನ್ನು ತೂತಿಗೆ ಇಳಿಸಿದರು. ಸಂದು ಒಂದು ಮಿಲಿಮೀಟರಿನ ಸುಮಾರು ಆರನೇ ಒಂದು ಭಾಗ. ನಿಲ್ದಾಣ ಇರುವುದು ಬರೀ 400 ಕಿಲೋಮೀಟರ್ ಮೇಲೆ, ಆದರೂ ಸಂಕೇತ 36,000 ಕಿಲೋಮೀಟರ್ ಎತ್ತರದ ಉಪಗ್ರಹ ಹತ್ತಿ ಇಳಿಯಬೇಕಾದ್ದರಿಂದ ತಡ ಒಂದು ಸೆಕೆಂಡಿನ ಹತ್ತಿರ ಇತ್ತು. 2019ರ ನವೆಂಬರಿನಲ್ಲಿ ಲೂಕಾ ಪಾರ್ಮಿಟಾನೊ ಅಲ್ಲಿಂದಲೇ, ಬಲ ತೋರಿಸುವ ಹಿಡಿಕೆಯಿಂದ ಕಲ್ಲುಗಳನ್ನು ಎತ್ತಿದರು. ಆಗಲೂ ತಡ ಸರಾಸರಿ 0.8 ಸೆಕೆಂಡ್. ಅವರಿಬ್ಬರೂ ತರಬೇತಿ ಪಡೆದವರು, ನಿಧಾನಕ್ಕೆ, ತಾಳ್ಮೆಯಿಂದ ಮಾಡಿದವರು ಅನ್ನುವುದನ್ನು ಮರೆಯಬೇಡಿ. ಬೆಳಗ್ಗೆಯಿಂದ ಸಂಜೆವರೆಗೆ ಇದೇ ಕೆಲಸ ಮಾಡುವವರಿಗೆ ಹಿಡಿಕೆ ಮಾಡುತ್ತಿದ್ದರೆ ನಾನಂತೂ 200 ಮಿಲಿಸೆಕೆಂಡ್ ದಾಟಿದ ಮೇಲೆ ಮುಂದೆ "ಇಲ್ಲೇ ಒಂದು ಗೋಡೆ ಕಟ್ಟಿ" ಭಾಗದಲ್ಲಿ ಹೇಳುವ ದಾರಿಯನ್ನೇ ಹಿಡಿಯುತ್ತೇನೆ.

2 ಸೆಕೆಂಡ್ ದಾಟಿದರೆ ಕೈಯಿಂದ ಕೈಗೆ ಅನ್ನುವ ಯೋಚನೆಯನ್ನೇ ಬಿಡಿ. ಚಂದ್ರನಿಗೆ ಬೆಳಕು ಹೋಗಿ ಬರಲು ಸುಮಾರು 2.6 ಸೆಕೆಂಡ್ ಬೇಕು. 2023ರ ಆಗಸ್ಟ್ 27ರಂದು ಪ್ರಜ್ಞಾನ್ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಗುಂಡಿ ಎದುರಾದಾಗ ಬಂದ ದಾರಿಯಲ್ಲೇ ಹಿಂದಿರುಗು ಅಂತ ಆಜ್ಞೆ ಹೋಯಿತು. ಅಷ್ಟು ದೂರಕ್ಕೆ ಸರಿಯಾದದ್ದು ಹೀಗೆ ಆಜ್ಞೆ ಕಳಿಸುವುದೇ. ಅಲ್ಲಿ ಸ್ಪರ್ಶ ಬೇಕಾದರೆ ಅದು ಇಲ್ಲಿಯ ಮಾದರಿಯ ಮೇಲೆ ತಾಲೀಮು ಮಾಡಲು ಮಾತ್ರ.

ಇಲ್ಲೇ ಒಂದು ಗೋಡೆ ಕಟ್ಟಿ

ಇದು ನನಗೆ ತುಂಬ ಮುಖ್ಯ ಅನಿಸುವ ಭಾಗ. ಉಪಾಯ ಸರಳ: ಆ ಕಡೆ ಗೋಡೆ ಎಲ್ಲಿದೆ, ಎಷ್ಟು ಗಟ್ಟಿ, ಎಷ್ಟು ಜಾರು ಅನ್ನುವುದನ್ನು ರೋಬೋಟ್ ಅಳೆದು ತಿಳಿಸುತ್ತದೆ. ನಿಮ್ಮ ಕಂಪ್ಯೂಟರ್ ಅದೇ ಥರದ ಗೋಡೆಯನ್ನು ಇಲ್ಲೇ ಕಟ್ಟುತ್ತದೆ. ಕೈ ಮುಟ್ಟುವುದು ಈ ಗೋಡೆಯನ್ನು, ಸೆಕೆಂಡಿಗೆ 1000 ಸಲ ಓಡುವ ಲೂಪಿನಲ್ಲಿ, ತಡವಿಲ್ಲದೆ. ಆ 2000 ನ್ಯೂಟನ್ ಗಟ್ಟಿತನ ಮತ್ತೆ ನಿಮ್ಮ ಕೈಗೆ ಸಿಕ್ಕಿತು. ನೆಟ್‌ವರ್ಕ್ ಮೇಲೆ ಹೋಗುವುದು ಕೈಯ ಜಾಗ, ಬರುವುದು ಗೋಡೆಯ ವಿವರ. ಬಲ ದಾಟುವುದೇ ಇಲ್ಲ.

ತೊಡಕು ಇರುವುದು ಗೋಡೆಯ ವಿವರ ಬದಲಾದಾಗ. ಕೈ ಗೋಡೆಗೆ ಒತ್ತಿಕೊಂಡಿದೆ, ಆಗಲೇ "ಗೋಡೆ ಕೈಯ ಕಡೆಗೆ 5 ಮಿಲಿಮೀಟರ್ ಹತ್ತಿರದಲ್ಲಿದೆ" ಅಂತ ಸುದ್ದಿ ಬಂತು ಅನ್ನಿ. ತಕ್ಷಣ ಗೋಡೆಯನ್ನು ಸರಿಸಿದರೆ ಕೈ ಇದ್ದಕ್ಕಿದ್ದಂತೆ 5 ಮಿಲಿಮೀಟರ್ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಅದೇ ಒದೆ. ಮೀಟರಿಗೆ 2000 ನ್ಯೂಟನ್ ಗೋಡೆಯಲ್ಲಿ 5 ಮಿಲಿಮೀಟರ್ ಅಂದರೆ 10 ನ್ಯೂಟನ್, ಒಂದು ಕೆಜಿ ತೂಕದ ಗುದ್ದು. ಹಾಗಾಗಿ ನಿಯಮ ಹೀಗಿರಲಿ: ಗೋಡೆ ಕೈಯಿಂದ ದೂರ ಸರಿಯಬೇಕಾದರೆ ನಿಧಾನಕ್ಕೆ ಸರಿಯಲಿ. ಕೈಯ ಕಡೆಗೆ ಬರಬೇಕಾದರೆ ಕೈ ಗೋಡೆ ಬಿಟ್ಟು ಬರುವವರೆಗೆ ಕಾಯಲಿ. ಗಟ್ಟಿತನ ಏರಿಸುವುದಕ್ಕೂ ಇದೇ ನಿಯಮ, ಒತ್ತಿಕೊಂಡಿರುವಾಗ ಏರಿಸಬೇಡಿ. ಕಾಯಲು ಪುರಸೊತ್ತಿಲ್ಲದ ಕೆಲಸವಾದರೆ ಮೇಲೆ ಹೇಳಿದ ಜಮಾ-ಖರ್ಚಿನ ಲೆಕ್ಕವನ್ನು ಗೋಡೆಯ ಚಲನೆಗೂ ಹಾಕಿ, ಉಳಿತಾಯ ಇದ್ದಷ್ಟೇ ಸರಿಸಿ.

ಇನ್ನೊಂದು ತೊಡಕು ಮೊದಲ ಸ್ಪರ್ಶ. ಮುಟ್ಟುವ ಮುಂಚೆ ಗೋಡೆ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ಆಳ ಅಳೆಯುವ ಕ್ಯಾಮೆರಾ ಇದ್ದರೆ ಅದರಿಂದ ಅಂದಾಜು ಗೋಡೆ ಕಟ್ಟಿ, ನಿಜವಾದದ್ದಕ್ಕಿಂತ ಕೆಲವು ಮಿಲಿಮೀಟರ್ ಕೈಯ ಹತ್ತಿರಕ್ಕೇ ಇಡಿ, ಮತ್ತು ಮೆತ್ತಗೆ ಇಡಿ. ಕೈ ಮೊದಲು ಆ ಮೆತ್ತನೆಯ ಪದರಕ್ಕೆ ತಾಗಿ ತಾನಾಗೇ ನಿಧಾನವಾಗುತ್ತದೆ. ಆ ಹೊತ್ತಿಗೆ ಆ ಕಡೆಯಿಂದ ನಿಜವಾದ ಸುದ್ದಿ ಬಂದಿರುತ್ತದೆ. ಕತ್ತಲಲ್ಲಿ ಗೋಡೆ ಹುಡುಕುವಾಗ ನಾವು ಅಂಗೈ ಮುಂದೆ ಚಾಚಿ ನಿಧಾನಕ್ಕೆ ಹೆಜ್ಜೆ ಇಡುವುದಿಲ್ಲವೇ, ಹಾಗೆ.

ಈ ಗೋಡೆಯ ಸುದ್ದಿ ಎಷ್ಟು ಹಳೆಯದು ಅನ್ನುವುದನ್ನೂ ಕೈಗೆ ತಿಳಿಸಬೇಕು. ನಾನು ಹೀಗೆ ಮಾಡುತ್ತೇನೆ: ಸುದ್ದಿ ಹಳತಾಗುತ್ತಾ ಹೋದಂತೆ ಗೋಡೆಯ ಗಟ್ಟಿತನವನ್ನು ಕೊಂಚ ಕೊಂಚ ಇಳಿಸಿ, ಒಂದು ಸಣ್ಣ ಒರಟುತನ ಸೇರಿಸುತ್ತೇನೆ. ಖಚಿತವಾದ ಗೋಡೆ ನುಣುಪಾಗಿ, ಗಟ್ಟಿಯಾಗಿ ಸಿಗುತ್ತದೆ. ಅಂದಾಜಿನ ಗೋಡೆ ಮರಳಿನ ಹಾಗೆ ಸಿಗುತ್ತದೆ. ಹತ್ತು ನಿಮಿಷದಲ್ಲಿ ಜನ ಇದನ್ನು ಓದಲು ಕಲಿಯುತ್ತಾರೆ, ಮರಳು ಸಿಕ್ಕ ಕಡೆ ತಾವಾಗೇ ನಿಧಾನವಾಗುತ್ತಾರೆ.

ಆ ಕಡೆಯ ರೋಬೋಟ್‌ಗೂ ಸ್ವಂತ ಬುದ್ಧಿ ಕೊಡಿ

ನಮ್ಮ ಮೊದಲ ಜೋಡಿಯಲ್ಲಿ ಆ ಕಡೆಯ ತೋಳು ಹೇಳಿದ ಜಾಗಕ್ಕೆ ಹೋಗುವುದಷ್ಟೇ ಕಲಿತಿತ್ತು. ಒಂದು ದಿನ ಲಿಂಕ್ ಅರ್ಧ ಸೆಕೆಂಡ್ ನಿಂತು ಮತ್ತೆ ಬಂತು, ಅಷ್ಟರಲ್ಲಿ ಈ ಕಡೆ ಕೈ ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿತ್ತು. ಆ ತೋಳು ಒಂದೇ ಜಿಗಿತಕ್ಕೆ ಅಷ್ಟನ್ನೂ ದಾಟಲು ಹೋಗಿ ಪಟ್ಟಿಗೆ ಗುದ್ದಿತು. ಬಲ ಅಳೆಯಲು ಕೂರಿಸಿದ್ದ ಲೋಡ್ ಸೆಲ್ ಬಗ್ಗಿಹೋಯಿತು. ಪಟ್ಟಿಯ ಜಾಗದಲ್ಲಿ ಯಾರದಾದರೂ ಕೈ ಇದ್ದಿದ್ದರೆ ಅನ್ನುವ ಯೋಚನೆ ಬಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲಿಂದ ಮೂರು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಬಲದ ಮಿತಿ ಆ ಕಡೆಯೇ, ಅಲ್ಲಿಯ ವೇಗದ ಲೂಪಿನಲ್ಲೇ ಇರಬೇಕು, ಇಲ್ಲಿಂದ ಯಾರೂ ಅದನ್ನು ಮೀರುವ ಹಾಗಿರಬಾರದು. ತೋಳು ಸ್ಪ್ರಿಂಗಿನ ಹಾಗೆ ಬಗ್ಗುವಂತಿರಬೇಕು, ಕಲ್ಲಿನ ಹಾಗೆ ಜಾಗ ಹಿಡಿಯಬಾರದು. ಸುದ್ದಿ ನಿಂತರೆ ನಿಂತಲ್ಲೇ ನಿಂತು, ಒತ್ತುತ್ತಿದ್ದರೆ ಒತ್ತು ಸಡಿಲಿಸಬೇಕು, ಮತ್ತೆ ಸುದ್ದಿ ಬಂದಾಗ ಜಿಗಿಯದೆ ನಿಧಾನಕ್ಕೆ ಬಂದು ಸೇರಬೇಕು. ಎಷ್ಟು ಹೊತ್ತು ಕಾಯುವುದು ಅನ್ನುವುದನ್ನು ನೀವು ಅಳೆದ ಆ ಕೆಟ್ಟ ಹತ್ತು ನಿಮಿಷ ನೋಡಿ ನಿಶ್ಚಯಿಸಿ. ಹಿಡಿಕೆಯ ಕಡೆ ಕ್ಲಚ್ ಪೆಡಲ್ ಒಂದು ಇಡಿ. ಕಾಲು ತೆಗೆದರೆ ಕೈ ಎಲ್ಲಿ ಬೇಕಾದರೂ ಓಡಾಡಲಿ, ಆ ಕಡೆ ಏನೂ ಅಲುಗಬಾರದು.

ಕಣ್ಣನ್ನೂ ಕೈಯನ್ನೂ ಜೊತೆಗೆ ಇಡಿ

ಗೋಡೆ ಇಲ್ಲೇ ಕಟ್ಟಿದ ಮೇಲೆ ಹೊಸ ಗೊಂದಲ ಒಂದು ಹುಟ್ಟುತ್ತದೆ. ಕೈಗೆ ತಾಗಿತು ಅಂತ ಗೊತ್ತಾಗುತ್ತದೆ, ಆದರೆ ವೀಡಿಯೋದಲ್ಲಿ ತೋಳು ಇನ್ನೂ ಗಾಳಿಯಲ್ಲೇ ಇರುತ್ತದೆ. ಜನ ಕಣ್ಣನ್ನೇ ನಂಬಿ ಇನ್ನಷ್ಟು ಒತ್ತುತ್ತಾರೆ. ಇದಕ್ಕೆ ಪರಿಹಾರ, ವೀಡಿಯೋದ ಮೇಲೆ ತೆಳು ಬಣ್ಣದ ಒಂದು ಛಾಯೆಯ ತೋಳು ಬಿಡಿಸುವುದು. ಅದು ಕೈ ಹೇಳಿದಲ್ಲಿಗೆ ತಕ್ಷಣ ಹೋಗುತ್ತದೆ, ನಿಜವಾದ ತೋಳು ಹಿಂದಿನಿಂದ ಬಂದು ಅದರೊಳಗೆ ಕೂರುತ್ತದೆ. ಜರ್ಮನಿಯವರು 1993ರಲ್ಲಿ ಬಾಹ್ಯಾಕಾಶ ನೌಕೆಯೊಳಗಿನ ರೊಟೆಕ್ಸ್ ರೋಬೋಟನ್ನು 5ರಿಂದ 7 ಸೆಕೆಂಡ್ ತಡದಲ್ಲಿ ನೆಲದಿಂದ ನಡೆಸಿದ್ದೂ ಹೀಗೆ ಮುಂದಾಗುವುದನ್ನು ಚಿತ್ರಿಸಿಕೊಂಡೇ. ಛಾಯೆಗೂ ನಿಜಕ್ಕೂ ಅಂತರ ಜಾಸ್ತಿಯಾದರೆ ಛಾಯೆಯ ಬಣ್ಣ ಬದಲಾಯಿಸಿ. ಅಕ್ಷರದಲ್ಲಿ ಎಚ್ಚರಿಕೆ ತೋರಿಸಬೇಡಿ, ಕೈ ಕೆಲಸದಲ್ಲಿ ಮುಳುಗಿರುವಾಗ ಯಾರೂ ಓದುವುದಿಲ್ಲ.

ಪರೀಕ್ಷೆ

ಲಿನಕ್ಸಿನಲ್ಲಿ ನೆಟ್‌ಎಮ್ ಅನ್ನುವ ಸೌಲಭ್ಯ ಇದೆ. ಅದರಿಂದ ಬೇಕಾದಷ್ಟು ತಡ, ಏರಿಳಿತ, ಪ್ಯಾಕೆಟ್ ನಷ್ಟ ಎಲ್ಲವನ್ನೂ ಮೇಜಿನ ಮೇಲೇ ಹುಟ್ಟಿಸಬಹುದು. ನೀವು ಅಳೆದ ಕೆಟ್ಟ ತಡದ ಎರಡು ಪಟ್ಟು ಹಾಕಿ ಶುರು ಮಾಡಿ. ಪರೀಕ್ಷೆಗೆ ನಿಮ್ಮನ್ನೇ ಕೂರಿಸಿಕೊಳ್ಳಬೇಡಿ. ನಿಮ್ಮ ಕೈಗೆ ಆ ಹಿಡಿಕೆಯ ಎಲ್ಲ ಕುಂಟುತನವೂ ಅಭ್ಯಾಸವಾಗಿಬಿಟ್ಟಿರುತ್ತದೆ. ಅದನ್ನು ನೋಡೇ ಇರದವರನ್ನು, ಆದರೆ ಕೈಕೆಲಸ ಬಲ್ಲವರನ್ನು ಕರೆಯಿರಿ. ಟೈಲರ್, ಫಿಟ್ಟರ್, ಅಕ್ಕಸಾಲಿಗರು, ಹೂ ಕಟ್ಟುವವರು. ಪರದೆ ಮುಚ್ಚಿ, ಸ್ಪಂಜು, ಮರ, ಕಬ್ಬಿಣ ಒಂದೊಂದಾಗಿ ಮುಟ್ಟಿಸಿ, ಯಾವುದು ಅಂತ ಕೇಳಿ. ಆ ಕಡೆ ಬಿದ್ದ ಅತಿ ಹೆಚ್ಚಿನ ಬಲ ಎಷ್ಟು ಅಂತ ಬರೆದುಕೊಳ್ಳಿ, ಕೆಲಸ ಮುಗಿಸಲು ಹಿಡಿದ ಹೊತ್ತಿಗಿಂತ ಆ ಅಂಕಿ ಮುಖ್ಯ. ಆಮೇಲೆ ಕೈ ಎಲ್ಲಿ ನೋಯುತ್ತಿದೆ ಅಂತ ಕೇಳಿ. ಹೆಬ್ಬೆರಳ ಬುಡ ನೋಯುತ್ತಿದೆ ಅಂದರೆ ಅವರು ಹಿಡಿಕೆಯನ್ನು ಭಯದಿಂದ ಬಿಗಿ ಹಿಡಿದಿದ್ದಾರೆ.

ಕೊನೆಗೆ, ಕಬ್ಬಿಣದ ಪಟ್ಟಿಗೆ ಒತ್ತಿಕೊಂಡಿರುವಾಗಲೇ ಥಟ್ಟನೆ ಹಿಡಿಕೆಯಿಂದ ಕೈ ತೆಗೆಯಿರಿ. ಹಿಡಿಕೆ ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು, ತೂಗಾಡಬಾರದು. ಮತ್ತೆ ಹಿಡಿದು, ಒತ್ತಿ, ಪಕ್ಕದವರಿಗೆ ನೆಟ್‌ವರ್ಕ್ ಕೇಬಲ್ ಕೀಳಲು ಹೇಳಿ. ಕೈಯಲ್ಲಿರುವ ಗೋಡೆ ಮೆಲ್ಲಗೆ ಮರಳಾಗುತ್ತಾ ಬರಬೇಕು, ಆ ಕಡೆಯ ತೋಳು ಒತ್ತು ಬಿಟ್ಟು ನಿಲ್ಲಬೇಕು. ಕೈಯನ್ನು ಬೇಕಂತಲೇ ಒಂದು ಗೇಣು ಸರಿಸಿ, ಕೇಬಲ್ ವಾಪಸ್ ಸಿಕ್ಕಿಸಲು ಹೇಳಿ. ಹಿಡಿಕೆ ಒಂದಿಷ್ಟೂ ಜಿಗಿಯದೆ, ಆ ಕಡೆಯ ತೋಳು ನಿಧಾನಕ್ಕೆ ಬಂದು ಛಾಯೆಯೊಳಗೆ ಕೂತರೆ, ನಮ್ಮ ಟರ್ನರ್ ಥರದವರ ಕೈಗೆ ಅದನ್ನು ಮತ್ತೊಮ್ಮೆ ಕೊಡಿ.